ಕೊಳದಲ್ಲಿ ಉಳಿದ ಎಣ್ಣೆ

ಸಾರಿನ ಪಾತ್ರೆ ತೊಳೆಯುವಾಗ ನೀರಿನ ಮೇಲೆ ಎಣ್ಣೆ ತೇಲುವುದನ್ನು ನೀವು ನೋಡಿದ್ದೀರಿ. ಅದೇ ನೀರಿಗೆ ಸಾಬೂನು ಹಾಕಿ ಕಲಕಿದರೆ ಎಣ್ಣೆ ಕಾಣದಾಗುತ್ತದೆ. ಅದು ಎಲ್ಲಿಗೂ ಹೋಗಿರುವುದಿಲ್ಲ. ಅತಿ ಸಣ್ಣ ಹನಿಗಳಾಗಿ ನೀರಿನಲ್ಲೇ ಅಡಗಿರುತ್ತದೆ. ಮಲೇಷಿಯಾದ ತಾಳೆ ಎಣ್ಣೆ ಗಿರಣಿಗಳನ್ನು ದಶಕಗಳ ಕಾಲ ಕಾಡಿದ್ದು ಇಂಥದೇ ಅಡಗಿದ ಎಣ್ಣೆ.

ಎಣ್ಣೆ ತಾಳೆ ಪಶ್ಚಿಮ ಆಫ್ರಿಕದ ಮರ. 1848ರಲ್ಲಿ ಅದರ ನಾಲ್ಕು ಸಸಿಗಳು ಜಾವಾದ ಬೋಗೋರ್ ಸಸ್ಯೋದ್ಯಾನಕ್ಕೆ ಬಂದವು. ಮಲಯದ ಮೊದಲ ವಾಣಿಜ್ಯ ತೋಟವನ್ನು 1917ರಲ್ಲಿ ಹೆನ್ರಿ ಫೋಕೊನಿಯೆ ಎಂಬ ಫ್ರೆಂಚ್ ಪ್ರಜೆ ಸೆಲಾಂಗೊರ್‌ನ ತೆನ್ನಮಾರಂನಲ್ಲಿ ಹಾಕಿದರು. 1960ರ ದಶಕದಲ್ಲಿ ರಬ್ಬರಿನ ಬೆಲೆ ಕುಸಿದಾಗ ಸರ್ಕಾರವೇ ತಾಳೆಯನ್ನು ಪ್ರೋತ್ಸಾಹಿಸಿತು. ತೋಟಗಳ ಜೊತೆಗೆ ಗಿರಣಿಗಳೂ ಹೆಚ್ಚಿದವು.

ಗಿರಣಿಯೊಳಗೆ ಏನಾಗುತ್ತದೆ? ಹಣ್ಣಿನ ಗೊನೆಗಳನ್ನು ಮೊದಲು ಹಬೆಯಲ್ಲಿ ಬೇಯಿಸುತ್ತಾರೆ. ಬಿಡಿಸಿದ ಹಣ್ಣನ್ನು ಜಜ್ಜಿ, ಹಿಂಡಿ, ರಸಕ್ಕೆ ಬಿಸಿನೀರು ಬೆರೆಸಿ ತಿಳಿಯಾಗಲು ಬಿಡುತ್ತಾರೆ. ಎಣ್ಣೆ ಮೇಲೇರುತ್ತದೆ, ಕೆಸರುನೀರು ಕೆಳಗುಳಿಯುತ್ತದೆ. ಆದರೆ ಎಲ್ಲ ಹನಿಗಳೂ ಒಂದೇ ವೇಗದಲ್ಲಿ ಏರುವುದಿಲ್ಲ. ಸ್ಟೋಕ್ಸ್ ನಿಯಮದಂತೆ ಹನಿಯ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸ ಹತ್ತನೆಯ ಒಂದಾದರೆ ವೇಗ ನೂರನೆಯ ಒಂದಕ್ಕೆ ಇಳಿಯುತ್ತದೆ. ಹಣ್ಣಿನ ಅಂಟು ಮತ್ತು ನಾರಿನ ಕಣಗಳು ಮೆತ್ತಿಕೊಂಡ ಸಣ್ಣ ಹನಿಗಳು ಕೆಸರಿನೊಂದಿಗೇ ಹೊರಗೆ ಹೋಗುತ್ತವೆ.

ನೀವೇ ಲೆಕ್ಕ ಹಾಕಿ. ದಿನಕ್ಕೆ 1200 ಟನ್ ಗೊನೆ ಅರೆಯುವ ಗಿರಣಿಯಿಂದ, ಟನ್ನಿಗೆ 0.65 ಟನ್ನಿನಂತೆ, 780 ಟನ್ ತ್ಯಾಜ್ಯನೀರು ಬರುತ್ತದೆ. ಲೀಟರಿಗೆ 4 ಗ್ರಾಂ ಎಣ್ಣೆ ಎಂದರೂ ದಿನಕ್ಕೆ 3 ಟನ್ನಿಗಿಂತ ಹೆಚ್ಚು ನಷ್ಟ. ಆದರೂ ಇದು ಗಿರಣಿ ತೆಗೆಯುವ ಒಟ್ಟು ಎಣ್ಣೆಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ. ಮಾಲೀಕನಿಗೆ ಇದು ಚಿಲ್ಲರೆ ಲೆಕ್ಕ. ನದಿಗೆ ಹಾಗಲ್ಲ. ಈ ನೀರಿನ ಜೈವಿಕ ಆಮ್ಲಜನಕ ಬೇಡಿಕೆ (ಬಿ.ಓ.ಡಿ.) ಲೀಟರಿಗೆ ಸುಮಾರು 25,000 ಮಿಲಿಗ್ರಾಂ, ಅಂದರೆ ಮನೆಗಳ ಚರಂಡಿ ನೀರಿನ ನೂರು ಪಟ್ಟು. ಇದು ಸೇರಿದ ಹೊಳೆಯಲ್ಲಿ ಮೀನು ಬದುಕಲಾರದು.

ಮಲೇಷಿಯಾ 1974ರಲ್ಲಿ ಪರಿಸರ ಗುಣಮಟ್ಟ ಕಾಯಿದೆಯನ್ನೂ 1977ರಲ್ಲಿ ತಾಳೆ ಎಣ್ಣೆ ಗಿರಣಿಗಳಿಗೆಂದೇ ನಿಯಮಗಳನ್ನೂ ತಂದಿತು. ಬಿ.ಓ.ಡಿ. ಮಿತಿಯನ್ನು 1978ರಲ್ಲಿ 5000 ಮಿಲಿಗ್ರಾಂ ಎಂದು ಆರಂಭಿಸಿ, ಹಂತಹಂತವಾಗಿ 1984ಕ್ಕೆ 100ಕ್ಕೆ ಇಳಿಸಲಾಯಿತು. ಮೊದಲ ವರ್ಷ ಮಿತಿ ಮೀರಿದವರು ಕಶ್ಮಲದ ತೂಕಕ್ಕೆ ತಕ್ಕ ಶುಲ್ಕ ಕೊಡಬೇಕಿತ್ತು. ಹೊಳೆಗೆ ಬಿಟ್ಟದ್ದಕ್ಕೂ ಬೆಲೆ ತೆರಬೇಕೆಂದಾಗ ಎಣ್ಣೆಯ ಲೆಕ್ಕವೇ ಬದಲಾಯಿತು.

ಗಿರಣಿಗಳು ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಗಳ ಕೊಳಗಳನ್ನು ತೋಡಿದವು. ಆದರೆ ಎಣ್ಣೆ ಹೆಚ್ಚಾದರೆ ಮೇಲೆ ದಪ್ಪ ಪದರ ಕಟ್ಟುತ್ತದೆ. ಅದರ ಕೊಬ್ಬಿನಾಮ್ಲಗಳು ಬ್ಯಾಕ್ಟೀರಿಯಗಳನ್ನೇ ಕುಗ್ಗಿಸುತ್ತವೆ. ಆದ್ದರಿಂದ ಕೊಳಕ್ಕೆ ಮುನ್ನ ಎಣ್ಣೆ ತಡೆಯುವ ತೊಟ್ಟಿ ಬೇಕಾಯಿತು. ಗುರುತ್ವದಿಂದ ಏರದ ಹನಿಗಳನ್ನು ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಬೇರ್ಪಡಿಸಿತು. ಹೀಗೆ ಸಿಕ್ಕ ಎಣ್ಣೆ ಅಡುಗೆಗೆ ಬಾರದು, ಏಕೆಂದರೆ ಬಿಸಿ ನೀರಿನಲ್ಲಿ ಬಹಳ ಹೊತ್ತು ಇದ್ದು ಅದರ ಮುಕ್ತ ಕೊಬ್ಬಿನಾಮ್ಲ ಏರಿರುತ್ತದೆ. ಅದು ಸಾಬೂನಿಗೆ ಹೋಯಿತು, ನಂತರ ಜೈವಿಕ ಡೀಸೆಲ್‌ಗೆ.

ಕತೆ ಇಲ್ಲಿ ತಿರುವು ಪಡೆಯುತ್ತದೆ. 2018ರ ಯೂರೋಪಿಯನ್ ಒಕ್ಕೂಟದ ನವೀಕರಿಸಬಹುದಾದ ಶಕ್ತಿ ನಿರ್ದೇಶನವು ತಾಳೆ ಗಿರಣಿಯ ತ್ಯಾಜ್ಯನೀರನ್ನು ಪ್ರೋತ್ಸಾಹಕ್ಕೆ ಅರ್ಹವಾದ ಇಂಧನ ಮೂಲಗಳ ಪಟ್ಟಿಯಲ್ಲಿ ಇರಿಸಿತು. ಕಾಡು ಕಡಿದು ಬೆಳೆದ ತಾಳೆಯ ಎಣ್ಣೆಗೆ ಅಲ್ಲಿ ನಿರ್ಬಂಧ, ಅದೇ ಗಿರಣಿಯ ಕೆಸರಿನ ಎಣ್ಣೆಗೆ ಸ್ವಾಗತ! ತ್ಯಾಜ್ಯಕ್ಕೇ ಇಷ್ಟು ಬೇಡಿಕೆ ಬಂದರೆ ಒಳ್ಳೆಯ ಎಣ್ಣೆಯನ್ನೇ ತ್ಯಾಜ್ಯವೆಂದು ಮಾರುವ ಆಸೆ ಹುಟ್ಟುವುದು ಸಹಜ. 2025ರ ಜನವರಿಯಲ್ಲಿ ಇಂಡೊನೇಷಿಯಾ ಇಂಥ ಉಳಿಕೆಗಳ ರಫ್ತಿಗೆ ನಿರ್ಬಂಧ ಹೇರಿತು.

ಹಾಗಾದರೆ ಕೆಸರಿನ ಎಣ್ಣೆ ಯಾವುದು, ಅಸಲಿ ಎಣ್ಣೆ ಯಾವುದೆಂದು ಪತ್ತೆ ಹೇಗೆ? ಮೇಲಿನ ನಮ್ಮ ಲೆಕ್ಕಕ್ಕೆ ಮರಳಿ. ದಿನಕ್ಕೆ 3 ಟನ್ ಉಳಿಕೆ ಎಣ್ಣೆ ಇರಬಹುದಾದ ಗಿರಣಿ 10 ಟನ್ ತೆಗೆದೆನೆಂದರೆ ಎರಡೇ ಸಾಧ್ಯತೆ: ಒಂದೋ ಅದರ ಯಂತ್ರಗಳು ಒಳ್ಳೆಯ ಎಣ್ಣೆಯನ್ನೇ ಕೆಸರಿಗೆ ಚೆಲ್ಲುತ್ತಿವೆ, ಇಲ್ಲವೇ ಹೇಳಿಕೆ ಸುಳ್ಳು. ಎರಡಕ್ಕೂ ತನಿಖೆ ಅಗತ್ಯ. ಹೊಳೆಯನ್ನು ಉಳಿಸಲು ಆರಂಭವಾದ ಅಳತೆ ಇಂದು ಕಾಡನ್ನು ಉಳಿಸಲೂ ಬೇಕಾಗಿದೆ.