ತಲೆಯಾಡಿಸುವ ಪಂಪು, ಕಣ್ಣಿಗೆ ಕಾಣದ ಹರಿವು

ಗುಜರಾತಿನ ಮೆಹಸಾಣಾ ಸೀಮೆಯಲ್ಲಿ, ಹೊಲಗಳ ನಡುವೆ ತಲೆಯಾಡಿಸುತ್ತ ನಿಂತ ತೈಲ ಪಂಪುಗಳನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಏತವನ್ನು ಬಲ್ಲ ಕನ್ನಡಿಗರಿಗೆ ಅವುಗಳ ಮರ್ಮ ಅಪರಿಚಿತವಲ್ಲ: ಏರಿಳಿಯುವ ತೊಲೆ, ಅದನ್ನು ಸರಿದೂಗಿಸುವ ಎದುರುಭಾರ. ಆದರೆ ಏತದ ನೀರು ಕಣ್ಣೆದುರೇ ಕಾಲುವೆಗೆ ಬೀಳುತ್ತದೆ; ಇಲ್ಲಿ ಎಣ್ಣೆ, ನೀರು, ಅನಿಲಗಳ ಮಿಶ್ರಣ ನೇರವಾಗಿ ಕೊಳವೆಯೊಳಗೆ ಸಾಗಿಹೋಗುತ್ತದೆ. ಒಂದು ಬಾವಿ ದಿನಕ್ಕೆ ಎಷ್ಟು ಕೊಟ್ಟಿತೆಂದು ತಿಳಿಯುವುದು ಹೇಗೆ?

ಪ್ರತಿ ಬಾವಿಗೂ ಮಾಪಕವನ್ನಿಡುವುದು ದುಬಾರಿ. ಹೀಗಾಗಿ ಹಲವು ಬಾವಿಗಳಿಗೆ ಒಂದೇ ಪರೀಕ್ಷಾ ಸೆಪರೇಟರ್ ಇಟ್ಟು, ಸರದಿಯಂತೆ ಅಳೆಯುವ ಪದ್ಧತಿ ಬಂತು. ಉಳಿದ ದಿನಗಳಲ್ಲಿ ಒಟ್ಟು ಉತ್ಪಾದನೆಯನ್ನು ಹಿಂದಿನ ಪರೀಕ್ಷೆಯ ಅನುಪಾತದಲ್ಲಿ ಹಂಚಿ ಬರೆಯುತ್ತಾರೆ. ನಡುವೆ ಪಂಪು ಸವೆದರೆ ಲೆಕ್ಕದ ಪುಸ್ತಕಕ್ಕೆ ಅದು ತಿಳಿಯದು.

ಪಂಪನ್ನು ಎಳೆಯುವ ಉಕ್ಕಿನ ಸಲಾಕೆಯ ಮೇಲಿನ ಭಾರವನ್ನೂ ಅದರ ಸ್ಥಾನವನ್ನೂ ಒಂದೇ ನಕ್ಷೆಯಲ್ಲಿ ಬರೆದರೆ ಮುಚ್ಚಿದ ಆಕೃತಿಯೊಂದು ಮೂಡುತ್ತದೆ. ಇದೇ ಡೈನಮೊಮೀಟರ್ ಕಾರ್ಡು. ಆದರೆ ಉದ್ದನೆಯ ಸಲಾಕೆ ಹಿಗ್ಗಿ ಕುಗ್ಗುವುದರಿಂದ ಮೇಲಿನ ಚಿತ್ರ ಆಳದ ಸತ್ಯವನ್ನು ಮರೆಮಾಡುತ್ತದೆ. 1936ರಲ್ಲಿ ಡಬ್ಲ್ಯು. ಇ. ಗಿಲ್ಬರ್ಟ್ ಪಂಪಿನ ಬಳಿಯಲ್ಲೇ ದಾಖಲಿಸುವ ಉಪಕರಣವನ್ನು ವರ್ಣಿಸಿದರು. ಅದನ್ನು ಓದಲು ಪಂಪನ್ನೇ ಮೇಲಕ್ಕೆತ್ತಬೇಕಿತ್ತು. 1963ರಲ್ಲಿ ಎಸ್. ಜಿ. ಗಿಬ್ಸ್ ಸಲಾಕೆಯ ಚಲನೆಯನ್ನು ತರಂಗ ಸಮೀಕರಣದಿಂದ ವಿವರಿಸಿದರು. ಆ ದಾರಿಯಲ್ಲಿ ಮುಂದುವರಿದು, ನೆಲದ ಮೇಲಿನ ಅಳತೆಯಿಂದಲೇ ಆಳದ ಕಾರ್ಡನ್ನು ಗಣಿಸಲು ಸಾಧ್ಯವಾಯಿತು.

ಮುಂದಿನದು ಅಂಕಗಣಿತ. ಪಂಪಿನ ಒಂದು ಎಳೆತಕ್ಕೆ 5 ಲೀಟರ್ ಬರುತ್ತದೆ, ನಿಮಿಷಕ್ಕೆ 6 ಎಳೆತಗಳಿವೆ ಎಂದಿಟ್ಟುಕೊಳ್ಳೋಣ: ದಿನಕ್ಕೆ 43,200 ಲೀಟರ್. ಪಂಪು ಅರ್ಧವೇ ತುಂಬುತ್ತಿದ್ದರೆ ಉತ್ತರವೂ ಅರ್ಧ. ತೊಡಕಿರುವುದು ಇಲ್ಲಿಯೇ. ಅನಿಲ ನುಗ್ಗುವುದು, ಕವಾಟ ಸೋರುವುದು, ಸಲಾಕೆ ಕೊಳವೆಗೆ ಉಜ್ಜುವುದು ಇವೆಲ್ಲ ಸೂತ್ರಕ್ಕೆ ಪೂರ್ತಿ ಸಿಗುವುದಿಲ್ಲ. ಅನುಭವಿಗಳು ಕಾರ್ಡಿನ ಆಕಾರವನ್ನು ನೋಡಿಯೇ ಇವನ್ನು ಗುರುತಿಸುತ್ತಿದ್ದರು.

ಯಂತ್ರಕಲಿಕೆ ಈ ಅನುಭವದ ಉತ್ತರಾಧಿಕಾರಿ. ಸೆಪರೇಟರಿನಲ್ಲಿ ಅಳೆದ ದಿನಗಳ ಹರಿವನ್ನೂ ಅಂದಿನ ಕಾರ್ಡು, ಒತ್ತಡ, ಮೋಟಾರಿನ ವಿದ್ಯುತ್ ಬಳಕೆಯನ್ನೂ ಜೋಡಿಸಿ ಗಣಕಕ್ಕೆ ಕಲಿಸುತ್ತಾರೆ. ಅಳೆಯದ ದಿನಗಳ ಹರಿವನ್ನು ಅದು ಅಂದಾಜಿಸುತ್ತದೆ. ಹಠಾತ್ ಕುಸಿತವನ್ನು ಮುಂದಿನ ಸರದಿಗೆ ಕಾಯದೆ ಹಿಡಿಯಬಹುದೆಂಬುದು ಇದರ ದೊಡ್ಡ ಲಾಭ.

ಆದರೂ ನಾವು ಒಂದನ್ನು ಗಮನಿಸಬೇಕು. ಈ ಅಂಕಿಯನ್ನು ನಂಬಿಯೇ ಯಾವ ಬಾವಿಯನ್ನು ದುರಸ್ತಿ ಮಾಡಬೇಕು, ಯಾವುದನ್ನು ಮುಚ್ಚಬೇಕು ಎಂಬುದು ನಿರ್ಧಾರವಾಗುತ್ತದೆ. ಬಾವಿಯಲ್ಲಿ ನೀರಿನ ಪಾಲು ಹೆಚ್ಚಿದಾಗ, ಪಂಪು ಹಳತಾದಾಗ, ನಿನ್ನೆ ಕಲಿತ ಪಾಠ ಇಂದಿಗೆ ಹೊಂದುವುದಿಲ್ಲ. ಅಂದಾಜು ಚೆನ್ನಾಗಿದೆಯೆಂದು ಪರೀಕ್ಷೆಗಳನ್ನು ಕಡಿತಗೊಳಿಸಿದರೆ, ಅಂದಾಜು ತಪ್ಪಿದ್ದನ್ನು ತಿಳಿಯುವ ದಾರಿಯೂ ಮುಚ್ಚುತ್ತದೆ. ಗಿಲ್ಬರ್ಟರ ಕಾಲದಂತೆ ಇಂದಿಗೂ, ಯಾರಾದರೂ ಬಾವಿಯ ಬಳಿ ಹೋಗಿ ಅಳೆದು ಬರಲೇಬೇಕು.