ಜಾಗಟೆಯಾದ ಬಂಡೆಗಳು

ತುಂಗಭದ್ರೆ ದಾಟಿ ದಕ್ಷಿಣಕ್ಕೆ ಬಂದರೆ ಬಳ್ಳಾರಿ ಸೀಮೆ. ಅಲ್ಲಿನ ಸಂಗನಕಲ್ಲು-ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ದನಗಾಹಿಗಳು ಗೂಳಿಗಳ ಚಿತ್ರ ಕುಟ್ಟಿದ್ದಷ್ಟೇ ಅಲ್ಲ, ಬಂಡೆಗಳನ್ನೇ ಬಾರಿಸಿದಂತಿದೆ. ಕೆಲವು ಕರಿಗಲ್ಲುಗಳ ಮೇಲೆ ನುಣುಪಾದ ಗುಳಿಗಳಿವೆ. ಗುಂಡುಕಲ್ಲಿನಿಂದ ಅಲ್ಲಿಗೇ ಹೊಡೆದರೆ ಜಾಗಟೆಯಂತೆ ಠಣ್ ಎನ್ನುತ್ತವೆ.

ಏಟಿನ ಶಕ್ತಿ ಕಲ್ಲೊಳಗೆ ಎರಡು ಬಗೆಯ ಅಲೆಯಾಗಿ ಓಡುತ್ತದೆ. ಒಂದು, ಸಾಗುವ ದಿಕ್ಕಿನಲ್ಲೇ ಕಣಗಳನ್ನು ಒತ್ತಿ ಸಡಿಲಿಸುವುದು. ಇನ್ನೊಂದು, ಅಡ್ಡಡ್ಡ ಅಲುಗಿಸುವುದು. ಕಣಗಳು ಇದ್ದಲ್ಲೇ ಓಲಾಡುತ್ತವೆ, ಮುಂದೆ ಹೋಗುವುದು ಶಕ್ತಿ ಮಾತ್ರ. ಗಾಳಿಗೆ ಅಡ್ಡಲೆಯನ್ನು ಹೊರುವ ಬಿಗಿಯಿಲ್ಲ; ಹಾಗಾಗಿ ಕಿವಿ ಮುಟ್ಟುವುದು ಮೊದಲ ಬಗೆಯದೇ, ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ.

ಹಿರೇಗುಡ್ಡದ ಚಿತ್ರಗಳ ಬಗ್ಗೆ 1892ರಲ್ಲೇ ಬರಹ ಬಂದಿತ್ತು. ನಾದದ ಗುಳಿಗಳನ್ನು ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ 2004ರಲ್ಲಿ ‘ಆ್ಯಂಟಿಕ್ವಿಟಿ’ ಪತ್ರಿಕೆಯಲ್ಲಿ ಚರ್ಚಿಸಿದರು. ಅಷ್ಟರಲ್ಲಾಗಲೇ ಕಲ್ಲುಗಣಿಯವರು ಗುಡ್ಡ ಒಡೆಯತೊಡಗಿದ್ದರು.