ಕೊಳೆರೋಗದ ಹೆಸರು, ಒಣಗಿದ ಎಲೆ



ಕೆಂಗೇರಿ ಕಡೆಯಲ್ಲಿ ಗಿಡಕ್ಕೆ ಏನಾದರೂ ಆದರೆ ಅಂಗಡಿಗೆ ಹೋಗಿ "ಕೊಳೆ ಬಂದಿದೆ, ಔಷಧಿ ಕೊಡಿ" ಅಂತೀರಿ. ಯಾವ ಕೊಳೆ ಅಂತ ಅಂಗಡಿಯವರು ಕೇಳೋದಿಲ್ಲ, ನೀವೂ ಹೇಳೋದಿಲ್ಲ. ಈ ಮಾತಿಗೆ ಒಂದು ಚರಿತ್ರೆಯಿದೆ, ಕೇಳಿ.

ಮೈಸೂರು ಸೀಮೆಯ ಕಾಫಿ ತೋಟಗಳಲ್ಲಿ ಮಳೆ ಹಿಡಿದರೆ ಎಲೆ ಕಪ್ಪಾಗಿ ಕೊಳೆಯುತ್ತಿತ್ತು. ರೆಂಬೆಯಿಂದ ಕಳಚಿದರೂ ನೆಲಕ್ಕೆ ಬೀಳದೆ ಬೂಷ್ಟಿನ ಎಳೆ ಹಿಡಿದು ಜೋತಾಡುತ್ತಿತ್ತು. ಇದಕ್ಕೆ ಇಲ್ಲಿಯವರು ಕೊಳೆರೋಗ ಅಂದರು. ಅಂಥ ಎಲೆಗಳನ್ನು ಪರೀಕ್ಷಿಸಿ, ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನಲ್ಲಿದ್ದ ಎಂ. ಸಿ. ಕುಕ್ ಎಂಬುವರು 1876ರಲ್ಲಿ ಆ ಬೂಷ್ಟಿಗೆ 'ಪೆಲಿಕ್ಯುಲೇರಿಯ ಕೊಳೆರೋಗ' ಎಂದು ಹೆಸರಿಟ್ಟರು. ಲ್ಯಾಟಿನ್ ಹೆಸರಿನ ಬಾಲದಲ್ಲಿ ನಮ್ಮ ಕನ್ನಡ!

ಆದರೆ ಎಡವಟ್ಟೊಂದು ಆಗಿತ್ತು. ಎಲೆಯ ಮೇಲಿದ್ದ ಎಳೆಗಳನ್ನೂ ಬೀಜಕಣಗಳನ್ನೂ ಕುಕ್ ಒಂದೇ ಜೀವದ್ದೆಂದು ಬರೆದುಬಿಟ್ಟಿದ್ದರು. ಎಲೆಯನ್ನು ಒಣಗಿಸಿ ಕಾಪಾಡಿದ್ದರಿಂದ ಮುಂದಿನವರು ಅದನ್ನು ಮತ್ತೆ ತೆಗೆದು ನೋಡಲಾಯಿತು. ಅದರಲ್ಲಿ ಎರಡು ಬೂಷ್ಟು ಬೆರೆತಿವೆ, ಹಳೆಯ ಹೆಸರು ನಿಲ್ಲದು ಎಂದು ಡಚ್ ವಿಜ್ಞಾನಿ ಡಾಂಕ್ ತೀರ್ಮಾನಿಸಿ, 1958ರಲ್ಲಿ 'ಕೊಳೆರೋಗ ನಾಕ್ಸಿಯ' ಎಂದರು. ಬಾಲದ ಕನ್ನಡ ತಲೆಗೆ ಬಂತು. 1999ರಲ್ಲಿ ಕುಲ ಬದಲಾದಾಗ ಅದೂ ಬಿಟ್ಟುಹೋಯಿತು, ನನಗಂತೂ ಬೇಸರವೇ.

ಇತ್ತ ಮಲೆನಾಡಿನಲ್ಲಿ ಅಡಿಕೆಕಾಯಿ ಕೊಳೆತು ಉದುರಿದರೆ ಅದಕ್ಕೂ ಕೊಳೆರೋಗವೆಂದೇ ಹೆಸರು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುವುದು ವಾಡಿಕೆಯಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಇದನ್ನು ಪರೀಕ್ಷಿಸಿ 1910ರಲ್ಲಿ ವರದಿ ಬರೆದರು. ಇದು ಫೈಟಾಫ್ತೊರ, ಆಲೂಗೆಡ್ಡೆಯ ಅಂಗಮಾರಿಯ ದಾಯಾದಿ. ಕಾಫಿಯ ಬೂಷ್ಟಿಗೂ ಇದಕ್ಕೂ ನಂಟಿಲ್ಲ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗೆ ಹೊಡೆಯುವುದು ಬಳಕೆಗೆ ಬಂದದ್ದು ಅವರಿಂದ. ಕಾಫಿಗೂ ಬೋರ್ಡೋ ಉಂಟು, ಆದರೆ ನೆರಳು ತೆಳುವು ಮಾಡಿ ಗಿಡದೊಳಗೆ ಗಾಳಿ ಆಡಿಸದಿದ್ದರೆ ಹೊಡೆದದ್ದು ಸಾಲದು.

ಇನ್ನು ನಿಮ್ಮ ಟೊಮಾಟೊ ಗಿಡ ಹಸಿರಾಗಿದ್ದಂತೆಯೇ ಜೋತುಬಿದ್ದರೆ? ಅದು ಬೂಷ್ಟೇ ಅಲ್ಲದೆ ಬ್ಯಾಕ್ಟೀರಿಯಾ ಇರಬಹುದು. ಆಗ ಎಲೆಗೆ ಬೋರ್ಡೋ ಹೊಡೆದರೆ ದುಡ್ಡು ದಂಡ.

ಹಾಗಾಗಿ ಹೆಸರು ತರಬೇಡಿ, ರೋಗದ ಗಿಡವನ್ನೇ ತನ್ನಿ. ಎಲೆಯ ರೋಗವಾದರೆ ನಾಲ್ಕಾರು ಎಲೆಗಳನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಡಿ, ಪ್ಲಾಸ್ಟಿಕ್ಕಿನಲ್ಲಿ ಬೇಡ, ಬೆವತು ಬೇರೆ ಬೂಷ್ಟು ಕೂಡುತ್ತೆ. ಬಾಡುವ ಗಿಡವಾದರೆ ಬೇರುಸಹಿತ ಕಿತ್ತು ಅಂದೇ ತನ್ನಿ. ಬೆಳೆ, ಊರು, ತಾರೀಖು ಚೀಟಿಯಲ್ಲಿ ಬರೆದು ರೈತ ಸಂಪರ್ಕ ಕೇಂದ್ರದಲ್ಲಿ ಕೊಡಿ.